ಅಪ್ಪನ ಮಾತ್ರೆ ಪಾಡು

2025ರ ಜನವರಿ ಮೊದಲನೇ ವಾರ, ನ್ಯೂಜೆರ್ಸಿ ಎಡಿಸನ್‌ನಲ್ಲಿ ಫಾರ್ಮಸಿ ಕೌಂಟರ್ ಮುಂದೆ ನಿಂತಿದ್ದೆ, ಅಪ್ಪನ ಎಲಿಕ್ವಿಸ್ ರೀಫಿಲ್‌ಗೆ. ಡಿಸೆಂಬರ್‌ನಲ್ಲಿ 47 ಡಾಲರ್ ಕೊಟ್ಟಿದ್ದ ಅದೇ ಡಬ್ಬಿಗೆ ಈ ಸಲ 600ರ ಹತ್ರ ಹತ್ರ ತೋರಿಸ್ತು. ಏನೋ ತಪ್ಪಾಗಿದೆ ಅಂತ ಎರಡು ಸಲ ಕೇಳಿದೆ, ತಪ್ಪೇನೂ ಆಗಿರ್ಲಿಲ್ಲ. ಮೆಡಿಕೇರ್ ಅಂದ್ರೆ ಅಮೆರಿಕದಲ್ಲಿ ವಯಸ್ಸಾದವರಿಗೆ ಇರೋ ಸರ್ಕಾರದ ಆರೋಗ್ಯ ವಿಮೆ, ಅದರ ಪಾರ್ಟ್ ಡಿ ಅನ್ನೋ ಔಷಧಿ ಪ್ಲಾನ್‌ಗೆ ವರ್ಷದ ಶುರುನಲ್ಲಿ ಡಿಡಕ್ಟಿಬಲ್ ಇರತ್ತೆ, ಆ ವರ್ಷ ಅದು 590 ಡಾಲರ್ ತನಕ ಹೋಗ್ಬಹುದಿತ್ತು, ಅಷ್ಟೂ ನಮ್ಮ ಕೈಯಿಂದಾನೇ ಮೊದಲು ಹೋಗ್ಬೇಕು. ವರ್ಷಕ್ಕೆ 2,000 ಡಾಲರ್ ಆದ್ಮೇಲೆ ಮಾತ್ರೆಗೆ ಏನೂ ಕೊಡೋ ಹಾಗಿಲ್ಲ ಅನ್ನೋ ಹೊಸ ರೂಲ್ ಬಂದಿದ್ದೂ ಅದೇ ವರ್ಷ, ಒಳ್ಳೇದೇ, ಆದ್ರೆ ಅಪ್ಪ ಅಮ್ಮ ಇಬ್ಬರದೂ ಸೇರಿ ತಿಂಗಳಿಗೆ 1,700 ಚಿಲ್ಲರೆ ಸೋಶಿಯಲ್ ಸೆಕ್ಯುರಿಟಿ (ಇಲ್ಲಿನ ಸರ್ಕಾರಿ ಪಿಂಚಣಿ) ಬರೋದು, ಅದ್ರಲ್ಲಿ 2,000 ಅಂದ್ರೆ ಸುಮ್ನೆ ಮಾತಲ್ಲ.

ಮನೆಗೆ ಬಂದು ಹೇಳಿದ್ರೆ ಅಪ್ಪ, "ಬಿಡು ಪುಟ್ಟಿ, ದಿನ ಬಿಟ್ಟು ದಿನ ತಗೊಂಡ್ರಾಯ್ತು" ಅಂದ್ರು. ಅದು ರಕ್ತ ಹೆಪ್ಪುಗಟ್ಟದೇ ಇರೋಕೆ ಕೊಡೋ ಮಾತ್ರೆ ರೀ, ದಿನಕ್ಕೆ ಎರಡು ಸಲ ತಗೋಬೇಕಾದ್ದು! ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಆದ್ರೆ ತುಮಕೂರಿಗೆ ಹೋದಾಗ ಜನೌಷಧಿ ಅಂಗಡಿಯಿಂದ ಸೂಟ್‌ಕೇಸ್‌ನಲ್ಲಿ ತುಂಬ್ಕೊಂಡು ಬರ್ತಿದ್ವಿ, ಇಲ್ಲಿರೋ ಅರ್ಧ ಜನ ಅದನ್ನೇ ಮಾಡೋದು, ಆದ್ರೆ ಅದು ಎಷ್ಟು ದಿನಕ್ಕೆ ಬರತ್ತೆ.

ಅಪ್ಪನಿಗೆ ಗ್ರೀನ್ ಕಾರ್ಡ್ ಬಂದಿದ್ದು ಚಿಕ್ಕಪ್ಪನ ಕಡೆಯಿಂದ, 57ನೇ ವಯಸ್ಸಿಗೆ. ಆಮೇಲೆ 11 ವರ್ಷ ಇಂಡಿಯನ್ ಗ್ರೋಸರಿಯಲ್ಲಿ ಅಕ್ಕಿ ಮೂಟೆ ಎತ್ತಿ ದುಡಿದು ತೆರಿಗೆ ಕಟ್ಟಿದ ಲೆಕ್ಕಕ್ಕೆ ಸಿಗೋ 40 ಕ್ರೆಡಿಟ್ ಪೂರ್ತಿ ಮಾಡಿದ್ರು, ಹಂಗಾಗಿ ಮೆಡಿಕೇರ್ ಪಾರ್ಟ್ ಎ, ಅಂದ್ರೆ ಆಸ್ಪತ್ರೆ ಖರ್ಚಿನ ವಿಮೆ, ಪ್ರೀಮಿಯಂ ಇಲ್ದೆ ಬಂತು, ಅವರ ಲೆಕ್ಕದಲ್ಲೇ ಅಮ್ಮನಿಗೂ ಬಂತು.

ಮೊದಲು ನಾನು ಹಾಕಿದ್ದು ಪಾರ್ಟ್ ಡಿ ಮಾತ್ರೆ ಖರ್ಚು ಕಮ್ಮಿ ಮಾಡೋ ಎಕ್ಸ್‌ಟ್ರಾ ಹೆಲ್ಪ್ ಅನ್ನೋ ಸ್ಕೀಮಿಗೆ. ಇದು ಕೇಂದ್ರ ಸರ್ಕಾರದ್ದು, ಸೋಶಿಯಲ್ ಸೆಕ್ಯುರಿಟಿ ಮೂಲಕ ಅಪ್ಲೈ ಮಾಡೋದು, ಆನ್‌ಲೈನ್‌ನಲ್ಲೇ ಆಗತ್ತೆ, ಒಂದು ಪೈಸೆ ಫೀಸ್ ಇಲ್ಲ (ನಮ್ಗೆ ಗೊತ್ತಿರೋ ಒಬ್ರು ಫಾರ್ಮ್ ತುಂಬಿಕೊಡೋಕೆ 150 ಡಾಲರ್ ಕೇಳಿದ್ರು, ನಗು ಬಂತು). ಸಿಕ್ರೆ ಡಿಡಕ್ಟಿಬಲ್ ಹೋಗತ್ತೆ, ಆ ವರ್ಷದ ಲೆಕ್ಕಕ್ಕೆ ಜೆನೆರಿಕ್‌ಗೆ 4.90, ಬ್ರ್ಯಾಂಡ್ ಮಾತ್ರೆಗೆ 12.15 ಡಾಲರ್ ಗಿಂತ ಜಾಸ್ತಿ ಇಲ್ಲ. 2025ರಲ್ಲಿ ಗಂಡ ಹೆಂಡ್ತಿಗೆ ವರ್ಷದ ಆದಾಯ 31,725 ಡಾಲರ್ ಒಳಗಿರ್ಬೇಕಿತ್ತು, ಆಸ್ತಿ 35,130 ಡಾಲರ್ ಒಳಗೆ. ಆದಾಯದಲ್ಲಿ ನಾವು ಪಾಸ್.

ಅಮ್ಮನ ಭಯಾನೇ ಬೇರೆ, "ಅಳಿಯಂದ್ರ ಸಂಬಳ ಕೇಳ್ತಾರೇನೇ, ಅವರ ಮನೇಲಿ ಊಟ ಮಾಡೋದೂ ಬರೀಬೇಕಾ, ನನ್ನ ಸರ ಬಳೆ?" ಅಂತ. ಯಾವ್ದೂ ಲೆಕ್ಕಕ್ಕಿಲ್ಲ. ಮಕ್ಕಳ ಸಂಬಳ ಕೇಳಲ್ಲ, ಮಕ್ಕಳು ಊಟ ಬಾಡಿಗೆಗೆ ಮಾಡೋ ಸಹಾಯ ಸೇರಿಸಲ್ಲ, ಒಡವೆ ಸೇರಿಸಲ್ಲ, ಇರೋ ಸ್ವಂತ ಮನೆ, ಕಾರು ಸೇರಿಸಲ್ಲ. ಈ ಭಯಕ್ಕೇ ಎಷ್ಟೋ ಜನ ಅಪ್ಲೈನೇ ಮಾಡಿರಲ್ಲ.

ಸಿಕ್ಕಿಹಾಕ್ಕೊಂಡಿದ್ದು ಒಂದು ಪ್ರಶ್ನೇಲಿ. ನೀವಿರೋ ಮನೆ ಬಿಟ್ಟು ಬೇರೆ ಜಾಗ ಜಮೀನು ಇದೆಯಾ? ಇದೆ. ತುಮಕೂರಲ್ಲಿ ಶಿರಾ ರೋಡ್ ಕಡೆ 30x40 ಅಡಿ ಸೈಟು, ಅಪ್ಪ 1994ರಲ್ಲಿ ಪ್ರಾವಿಡೆಂಟ್ ಫಂಡ್ ದುಡ್ಡು ತೆಗೆದು ತಗೊಂಡಿದ್ದು, ಈಗ 40 ಲಕ್ಷ ಅಂತಾರೆ. ಆಗಿನ ಲೆಕ್ಕಕ್ಕೆ ಡಾಲರ್‌ನಲ್ಲಿ 46,000 ಹತ್ರ. "ಅಲ್ಲಿರೋ ಸೈಟು ಇವರಿಗೆ ಹೆಂಗೆ ಗೊತ್ತಾಗತ್ತೆ" ಅಂತ ಅಮ್ಮ, ಮನೆಗೆ ಬಂದೋರೆಲ್ಲಾ ಅದನ್ನೇ ಅಂದ್ರು. ಆದ್ರೆ ಫಾರ್ಮ್ ಕೊನೇಲಿ ಸುಳ್ಳು ಹೇಳಿದ್ರೆ ಅಪರಾಧ ಅಂತ ಒಪ್ಕೊಂಡು ಸೈನ್ ಹಾಕ್ಬೇಕು, 74 ವರ್ಷದ ಅಪ್ಪನ ಕೈಲಿ ನಾನು ಅದನ್ನ ಮಾಡಿಸಲ್ಲ. ಬರೆದ್ವಿ. ಮೊದಲು ಒಂದು ನೋಟಿಸ್, ಆಮೇಲೆ ಆಸ್ತಿ ಜಾಸ್ತಿ ಅಂತ ಡಿನೈಯಲ್ ಲೆಟರ್. ಮಾರೋಣ ಅಂದ್ರೆ ಮಾರಿದ ದುಡ್ಡು ಬ್ಯಾಂಕಲ್ಲಿ ಕೂತ್ರೆ ಅದೂ ಆಸ್ತಿನೇ ತಾನೇ.

ಎರಡು ವಾರ ಮನಸ್ಸು ಕೆಟ್ಟು ಕೂತಿದ್ದೆ. ಆಮೇಲೆ ಕೌಂಟಿಯ ಶಿಪ್ ಅನ್ನೋ ಮೆಡಿಕೇರ್ ಸಲಹೆ ಸೇವೆಗೆ ಫೋನ್ ಮಾಡಿದೆ, ಇದು ಎಲ್ಲಾ ಸ್ಟೇಟ್‌ನಲ್ಲೂ ಇದೆ, ಫ್ರೀ. ಅಲ್ಲಿದ್ದ ವಯಸ್ಸಾದ ವಾಲಂಟಿಯರ್ ಒಬ್ರು ಕಥೆ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ್ರು, ಪಿಎಎಡಿಗೆ ಹಾಕಿದೀರಾ ಅಂತ. ಹೆಸರೇ ಕೇಳಿರ್ಲಿಲ್ಲ! ಇದು ಮಾತ್ರೆ ಖರ್ಚಿಗೆ ಸಹಾಯ ಮಾಡೋ ನ್ಯೂಜೆರ್ಸಿ ಸ್ಟೇಟ್‌ದೇ ಸ್ಕೀಮು, 65 ದಾಟಿದವರಿಗೆ, ಅಂಗವಿಕಲರಿಗೂ ಇದೆ. ಮುಖ್ಯ ವಿಷ್ಯ ಏನಂದ್ರೆ ಆದಾಯ ಮಾತ್ರ ನೋಡ್ತಾರೆ, ಆಸ್ತಿ ಕೇಳಲ್ಲ. 2025ಕ್ಕೆ ದಂಪತಿಗೆ ಮಿತಿ 60,690 ಡಾಲರ್, ನಾವು ಅದರ ಅರ್ಧಾನೂ ಇಲ್ಲ. ಜೆನೆರಿಕ್‌ಗೆ 5, ಬ್ರ್ಯಾಂಡ್‌ಗೆ 7 ಡಾಲರ್. ದುಡ್ಡಿನ ಒಂದು ಪಾಲು ಅಟ್ಲಾಂಟಿಕ್ ಸಿಟಿ ಕ್ಯಾಸಿನೋಗಳ ತೆರಿಗೆಯಿಂದ ಬರತ್ತಂತೆ, ಜೂಜು ಅಂದ್ರೆ ಬೆಂಕಿ ಕಾರೋ ಅಪ್ಪನಿಗೆ ಇದನ್ನ ತುಂಬಾ ದಿನ ಹೇಳ್ಲಿಲ್ಲ.

ಎನ್‌ಜೆಸೇವ್ ಅಂತ ಸ್ಟೇಟ್‌ದು ಒಂದೇ ಅಪ್ಲಿಕೇಶನ್ ಇದೆ, ಅದ್ರಲ್ಲೇ ಪಿಎಎಡಿ, ಕರೆಂಟ್ ಗ್ಯಾಸ್ ಬಿಲ್ಲಿಗೆ ಸಹಾಯ ಮಾಡೋ ಲೈಫ್‌ಲೈನ್, ಇನ್ನೂ ಕೆಲವು ಎಲ್ಲಾ ಒಟ್ಟಿಗೆ ನೋಡ್ತಾರೆ. ಒಂದು ಭಾನುವಾರ ಮಧ್ಯಾಹ್ನ ಡೈನಿಂಗ್ ಟೇಬಲ್ ಮೇಲೆ ಕಾಗದ ಎಲ್ಲಾ ಹರಡ್ಕೊಂಡು ಕೂತೆ. ಊರಿನ ಬ್ಯಾಂಕಲ್ಲಿರೋ ಎಫ್‌ಡಿ ಬಡ್ಡಿನೂ ಆದಾಯಾನೇ, ಬಿಡಬೇಡಿ, ನಾನು ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತರಿಸಿ ಡಾಲರ್‌ಗೆ ಲೆಕ್ಕ ಹಾಕಿ ಬರೆದೆ.

ಅಪ್ಪಂದು ಸಲೀಸಾಗಿ ಆಯ್ತು, ಅಮ್ಮಂದು ಹೆಸರಿನ ಗೋಳು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮೇ ಇಲ್ಲ, ಹಂಗಾಗಿ ಒಂದು ಕಾರ್ಡಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಇದೆ, ಇನ್ನೊಂದ್ರಲ್ಲಿ ಅಪ್ಪನ ಹೆಸರು ಸೇರ್ಕೊಂಡಿದೆ. ಎರಡೂ ಒಬ್ಬಳೇ ಅಂತ ಪ್ರೂಫ್ ಕಳ್ಸಿ ಅಂದ್ರು. ಮದುವೆ ಸರ್ಟಿಫಿಕೇಟು, ಗ್ರೀನ್ ಕಾರ್ಡ್ ಕಾಪಿ ಎಲ್ಲಾ ಸೇರಿಸಿ ಕಳ್ಸಿದ್ಮೇಲೆ ಅಮ್ಮನ ಪಿಎಎಡಿ ಕಾರ್ಡ್ ಬಂತು. ನಮ್ಮ ಕಡೆಯವರು ಅಪ್ಲೈ ಮಾಡೋಕೆ ಮುಂಚೆನೇ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ನೋಡ್ಕೊಳ್ಳಿ, ಇದೊಂದು ನನಗೆ ಯಾರೂ ಹೇಳಿರ್ಲಿಲ್ಲ.

ಇನ್ನೂ ಕೆಲವು. ಪಿಎಎಡಿ ಇದ್ರೂ ಪಾರ್ಟ್ ಡಿ ಪ್ಲಾನ್ ಇರ್ಲೇಬೇಕು, ಎಲ್ಲಾ ಪ್ಲಾನ್‌ಗೂ ಪಿಎಎಡಿಯವರು ಪ್ರೀಮಿಯಂ ಕಟ್ಟಲ್ಲ, ಕೆಲವಕ್ಕೆ ಮಾತ್ರ, ಅದಕ್ಕೆ ಅಕ್ಟೋಬರ್ 15ರಿಂದ ಡಿಸೆಂಬರ್ 7ರ ಒಳಗೆ ಪ್ಲಾನ್ ಬದಲಾಯಿಸೋವಾಗ ಅಪ್ಪನ ಮಾತ್ರೆ ಅದರ ಲಿಸ್ಟಲ್ಲಿದೆಯಾ ಅಂತ ಶಿಪ್‌ನವರ ಜೊತೆ ಕೂತು ನೋಡಿದೆ. ನ್ಯೂಜೆರ್ಸಿ ಹೊರಗೆ ತಗೊಂಡ ಮಾತ್ರೆಗೆ ಈ ಕಾರ್ಡ್ ನಡೆಯಲ್ಲ, ಚಿಕ್ಕಪ್ಪನ ಮನೆಗೆ ಟೆಕ್ಸಸ್‌ಗೆ ಹೋಗೋವಾಗ ಇಲ್ಲೇ ತಗೊಂಡು ಹೋಗ್ತಾರೆ. ಬೇರೆ ಸ್ಟೇಟ್‌ನಲ್ಲಿರೋರು ಅಲ್ಲೀದು ಕೇಳಿ ನೋಡಿ, ನ್ಯೂಯಾರ್ಕ್‌ನಲ್ಲಿ ಎಪಿಕ್ ಅಂತ, ಪೆನ್ಸಿಲ್ವೇನಿಯಾದಲ್ಲಿ ಪೇಸ್ ಅಂತ ಇದೆ, ಪೇಸ್‌ಗೆ ಲಾಟರಿ ದುಡ್ಡು.

ಹೊಸ ಕಾರ್ಡ್ ತಗೊಂಡು ಮೊದಲ ಸಲ ಫಾರ್ಮಸಿಗೆ ಹೋದಾಗ ಅಪ್ಪನೂ ಬಂದಿದ್ರು. 7 ಡಾಲರ್ ಅಂತ ಬಂತು, ಜೇಬಿಂದ ಹತ್ತರ ನೋಟು ತೆಗೆದು ತಾವೇ ಕೊಟ್ರು, ಚಿಲ್ಲರೆ ಎಣಿಸ್ಕೊಂಡ್ರು. ಕಾರಲ್ಲಿ ಕೂತ್ಮೇಲೆ ಕ್ಯಾಸಿನೋ ವಿಷ್ಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಪಾಪ, ಯಾರು ಸೋತ್ರೋ ಏನೋ" ಅಂದ್ರು.