ಮಗುವಿಗೆ ಸರಿ ಶುರು ಮಾಡಿದ ಮೇಲೆ ಮಲ ಗಟ್ಟಿಯಾದರೆ

ಪದೇ ಪದೇ ಹಾಲು ಕಕ್ಕುವ ಮಗುವಿಗೆ 6 ತಿಂಗಳು ತುಂಬಿ ಸರಿ ಶುರು ಮಾಡಿದ ಮೇಲೆ ಮಲ ಗಟ್ಟಿಯಾಯಿತಾ? ಅಕ್ಕಿ ಸರಿ, ಬಾಳೆಕಾಯಿ ಹಿಟ್ಟು ಕೆಲವು ದಿನ ಬಿಡಿ. ಬೆಳಿಗ್ಗೆ ಎರಡು ಚಮಚ ಮರಸೇಬು ಬೇಯಿಸಿ, ನುಣ್ಣಗೆ ಮಸೆದು ಕೊಡಿ. ಅದರಲ್ಲಿರುವ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಅಂಶ ಕರುಳಿಗೆ ನೀರು ಎಳೆದು ಮಲವನ್ನು ಮೆತ್ತಗೆ ಮಾಡುತ್ತದೆ. ಮೂಸಂಬಿಯಷ್ಟು ಹುಳಿಯೂ ಇಲ್ಲ. ಶಿವಮೊಗ್ಗದ ಅಂಗಡಿಯಲ್ಲಿ ಸಿಗದಿದ್ದರೆ ಹಿತ್ತಲಲ್ಲಿ ಚೆನ್ನಾಗಿ ಹಣ್ಣಾದ ಪಪ್ಪಾಯಿ ಆದೀತು. ಇನ್ನು ಕಾಲು ಹಿಡಿದು ಸೈಕಲ್ ತುಳಿಸುವುದು ಎಲ್ಲರಿಗೂ ಗೊತ್ತು, ಅಲ್ವಾ? ಅದನ್ನು ತಿನ್ನಿಸುವ ಮುಂಚೆಯೇ ಮಾಡಿ. ತುಂಬಿದ ಹೊಟ್ಟೆಗೆ ಮೊಣಕಾಲು ಒತ್ತಿದರೆ ತಿಂದದ್ದೆಲ್ಲ ನಿಮ್ಮ ಹೆಗಲ ಮೇಲೆ! ತಿನ್ನಿಸಿದ ಮೇಲೆ ಅರ್ಧ ಗಂಟೆ ಮಗುವನ್ನು ನೆಟ್ಟಗೆ ಎತ್ತಿಕೊಂಡಿರಿ. ಕಕ್ಕುವುದು ಕಡಿಮೆಯಾಗಲಿ ಎಂದು ಡಾಕ್ಟರೇ ಅಕ್ಕಿ ಹಿಟ್ಟು ಹೇಳಿದ್ದರೆ ಮಾತ್ರ, ಸುಮ್ನೆ ನೀವೇ ನಿಲ್ಲಿಸಬೇಡಿ, ಅವರನ್ನೇ ಕೇಳಿ. ಹೊಟ್ಟೆ ಕಲ್ಲಿನಂತೆ ಉಬ್ಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ಹಸಿರಾಗಿದ್ದರೆ ಹಣ್ಣಿನಿಂದ ಏನೂ ಆಗುವುದಿಲ್ಲ, ಕೂಡಲೇ ಆಸ್ಪತ್ರೆಗೆ ಹೋಗಿ. ಅಜ್ಜಿ ಹರಳೆಣ್ಣೆ ತಂದರೆ ಪ್ರೀತಿಯಿಂದಲೇ ಬೇಡ ಎನ್ನಿ. ಒಂದು ವರ್ಷದೊಳಗೆ ಜೇನುತುಪ್ಪವಂತೂ ಬೇಡವೇ ಬೇಡ, ಅದು ನಮ್ಮ ಮಲೆನಾಡಿನ ಅಸಲಿ ಜೇನೇ ಆಗಿದ್ದರೂ.