ಚಿಕ್ಕ ಮಕ್ಕಳ ಊಟದ ಡಬ್ಬಿ: ಮುಚ್ಚಳ ಹಾಕುವ ಮುಂಚೆ ಇದನ್ನು ಓದಿ

ತುಮಕೂರಿನ ಒಂದು ನರ್ಸರಿ ಶಾಲೆಯಲ್ಲಿ 11 ವರ್ಷ ಪಾಠ ಮಾಡಿದ್ದೇನೆ. ಎಲ್‌ಕೆಜಿ, ಯುಕೆಜಿ ಮಕ್ಕಳ ಜೊತೆ ದಿನಾ ಊಟಕ್ಕೆ ಕೂತಿದ್ದೇನೆ. ಏನಿಲ್ಲವೆಂದರೂ ದಿನಕ್ಕೆ 20 ಡಬ್ಬಿಗಳ ಮುಚ್ಚಳ ತೆಗೆದುಕೊಟ್ಟಿದ್ದೇನೆ. ನಾನು ಕಂಡ ಹಾಗೆ ಮನೆಯವರು ಅಡುಗೆಯಲ್ಲಿ ತಪ್ಪುವುದು ತೀರಾ ಕಡಿಮೆ. ಬೆಳಿಗ್ಗೆ 5ಕ್ಕೆ ಎದ್ದು, ಮೆಂತ್ಯ ಸೊಪ್ಪು ಬಿಡಿಸಿ, ಮೆತ್ತಗೆ ಚಪಾತಿ ಮಾಡಿರುತ್ತಾರೆ. ಮಧ್ಯಾಹ್ನ ಅದೇ ಚಪಾತಿ ನೆನೆದ ರಟ್ಟಿನ ಹಾಗೆ ಆಗಿರುತ್ತದೆ. ‘ಮಿಸ್, ಇದು ಒದ್ದೆ ಒದ್ದೆ’ ಅಂತ ಮಗು ಪಕ್ಕಕ್ಕೆ ಸರಿಸುತ್ತದೆ. ಆ ಚಪಾತಿ ಹಾಳಾಗಿದ್ದು ಒಲೆಯಿಂದ ಇಳಿದ ಮೇಲೆ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದ್ದರಿಂದ.

ಹಾಗಾಗಿ ಈ ಲೇಖನದಲ್ಲಿ ಅಡುಗೆಗಿಂತ ಅಡುಗೆ ಆದಮೇಲಿನ ಕೆಲಸವೇ ಜಾಸ್ತಿ.

1. ಡಬ್ಬಿ

ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ಎತ್ತರದ್ದು ಬೇಡ, ಅಗಲವಾಗಿ ತಟ್ಟೆಯ ಹಾಗೆ ಇರಲಿ. ಎತ್ತರದ ಡಬ್ಬಿಯಲ್ಲಿ ಮೇಲಿನ ಇಡ್ಲಿಯ ಭಾರಕ್ಕೆ ಕೆಳಗಿನದು ಚಪ್ಪಟೆಯಾಗುತ್ತದೆ, ಮಗುವಿನ ಕೈಗೂ ತಳ ಸಿಗುವುದಿಲ್ಲ. ಚಿತ್ರ ಅಂಟಿಸಿದ ಅಗ್ಗದ ಪ್ಲಾಸ್ಟಿಕ್ ಡಬ್ಬಿ ಬೇಡವೇ ಬೇಡ. ಎರಡೇ ತಿಂಗಳಲ್ಲಿ ಅರಿಶಿನದ ಬಣ್ಣ, ಎಣ್ಣೆ ವಾಸನೆ ಹಿಡಿಯುತ್ತದೆ. ಏನು ತೊಳೆದರೂ ಹೋಗುವುದಿಲ್ಲ.

ಅಂಗಡಿಯಲ್ಲಿ ಡಬ್ಬಿ ಆರಿಸುವಾಗ ಮಗುವಿನ ಕೈಯಲ್ಲೇ ತೆಗೆಸಿ ನೋಡಿ. ಮನೆಯಲ್ಲೂ ಒಂದು ಭಾನುವಾರ ಅದೇ ಡಬ್ಬಿಯಲ್ಲಿ ಊಟ ಹಾಕಿಕೊಟ್ಟು ನೆಲದ ಮೇಲೆ ಕೂರಿಸಿ. ನಾಲ್ಕು ಕಡೆ ಕ್ಲಿಪ್ ಇರುವ ಡಬ್ಬಿ ದೊಡ್ಡವರಿಗೇ ಕಷ್ಟ. ಊಟಕ್ಕೆ ಸಿಗುವುದು 20 ನಿಮಿಷ. ಅದರಲ್ಲಿ ಐದು ನಿಮಿಷ ಮುಚ್ಚಳಕ್ಕೇ ಹೋದರೆ ಮಗು ತಿನ್ನುವುದು ಯಾವಾಗ?

2. ಹಿಂದಿನ ರಾತ್ರಿ

ತರಕಾರಿ ಹೆಚ್ಚಿ ಫ್ರಿಜ್‌ನಲ್ಲಿ ಇಡಿ, ನಾಳೆ ಏನು ಅಂತ ನಿರ್ಧಾರ ಮಾಡಿ, ಮಲಗಿ. ಬೆಳಿಗ್ಗೆ ಯೋಚನೆ ಮಾಡುತ್ತಾ ನಿಂತರೆ ಕೊನೆಗೆ ಬ್ರೆಡ್ಡು ಜಾಮ್ ಆಗುತ್ತದೆ.

ಇಲ್ಲಿ ಒಂದು ಮಾತು. ರಾತ್ರಿಯ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ನಮ್ಮೆಲ್ಲರ ಮನೆಯಲ್ಲೂ ಇದೆ. ಮಾಡಿದ ಒಂದು ಗಂಟೆಯೊಳಗೆ ಫ್ರಿಜ್‌ಗೆ ಹೋದ ಅನ್ನವಾದರೆ ಬೆಳಿಗ್ಗೆ ಬಾಣಲೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ದೊಡ್ಡವರು ತಿಂಡಿಗೆ ತಿನ್ನಬಹುದು. ರಾತ್ರಿಯಿಡೀ ಅಡುಗೆಮನೆ ಕಟ್ಟೆಯ ಮೇಲೆ ಕುಕ್ಕರಿನಲ್ಲೇ ಇದ್ದ ಅನ್ನ ಯಾರಿಗೂ ಬೇಡ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತಿದ್ದಷ್ಟೂ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಗುವಿನ ಡಬ್ಬಿಗೆ ಬೆಳಿಗ್ಗೆಯೇ ಒಂದು ಹಿಡಿ ಅಕ್ಕಿ ಬೇರೆ ಇಡಿ.

3. ಬಿಸಿ ಆರಿಸುವುದು

ಬಿಸಿ ಅನ್ನವನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಹಬೆ ಮೇಲೆದ್ದು ಮುಚ್ಚಳಕ್ಕೆ ತಾಗಿ ನೀರಾಗುತ್ತದೆ. ಆ ನೀರು ತೊಟ್ಟಿಕ್ಕಿ ಮತ್ತೆ ಊಟದ ಮೇಲೇ ಬೀಳುತ್ತದೆ. ಡಬ್ಬಿ ಬೆವರುವುದು ಅಂದರೆ ಇದೇ. ಅನ್ನ ಮುದ್ದೆಯಾಗುತ್ತದೆ, ದೋಸೆ ಅಂಟುತ್ತದೆ, ಪಲ್ಯ ಬೇಗ ಹಳಸುತ್ತದೆ. ಸುಮಾರು 5 ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಉಗುರುಬೆಚ್ಚಗಿನ ಶಾಖವೂ ತೇವವೂ ಸೇರಿದರೆ ಅವುಗಳಿಗೆ ಹಬ್ಬ. ಬೆಳಿಗ್ಗೆ 8ಕ್ಕೆ ಮುಚ್ಚಿದ ಡಬ್ಬಿ ತೆರೆಯುವುದು ಮಧ್ಯಾಹ್ನ 12.30ಕ್ಕೆ. ನಾಲ್ಕೂವರೆ ಗಂಟೆ.

ಆದ್ದರಿಂದ ಬೆಳಗಿನ ಕೆಲಸದ ಕ್ರಮ ಬದಲಿಸಿ. ಎದ್ದ ತಕ್ಷಣ ಡಬ್ಬಿಯ ಅಡುಗೆ ಮುಗಿಸಿ, ಆರಲು ಬಿಟ್ಟು, ಆಮೇಲೆ ಮಗುವನ್ನು ಎಬ್ಬಿಸಿ. ಹಲ್ಲು, ಸ್ನಾನ, ಜಡೆ ಎಲ್ಲ ಆಗುವಷ್ಟರಲ್ಲಿ ಊಟ ಆರಿರುತ್ತದೆ. ಜಡೆ ಹಾಕಿದ ಮೇಲೆ ಒಲೆ ಹಚ್ಚುವ ಮನೆಯ ಡಬ್ಬಿ ಬೆವರಿಯೇ ಬೆವರುತ್ತದೆ.

ಒಂದೊಂದು ಪದಾರ್ಥವನ್ನು ಆರಿಸುವ ರೀತಿ ಬೇರೆ.

ಅನ್ನವನ್ನು ದೊಡ್ಡ ತಟ್ಟೆಗೆ ಸುರಿದು, ಎರಡು ಬೆರಳಿಗಿಂತ ದಪ್ಪ ಇರದ ಹಾಗೆ ಹರಡಿ. ಅರ್ಧ ಚಮಚ ತುಪ್ಪವನ್ನೋ ಎಣ್ಣೆಯನ್ನೋ ಸವರಿ. ಸೌಟಿನಿಂದ ಕಲಸಬೇಡಿ, ಅಗುಳು ಒಡೆದು ಅಂಟಾಗುತ್ತದೆ. ಮುಳ್ಳು ಚಮಚದಲ್ಲಿ ಹಗುರಾಗಿ ಬಿಡಿಸಿ. ಫ್ಯಾನ್ ಕೆಳಗೆ ಹತ್ತು ಹನ್ನೆರಡು ನಿಮಿಷ ಸಾಕು. ಅಂಗೈಯ ಹಿಂಬದಿ ಅನ್ನಕ್ಕೆ ತಾಗಿಸಿ ನೋಡಿ, ಬಿಸಿ ಅನ್ನಿಸಬಾರದು. ಆಮೇಲೆ ಒಗ್ಗರಣೆ ಬೆರೆಸಿ. ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುವುದು ಕೊನೆಗೆ, ಎಲ್ಲ ಆರಿದ ಮೇಲೆ. ಬಾಣಲೆ ಒಲೆ ಮೇಲಿರುವಾಗ ಹಿಂಡಿದರೆ ಕಹಿ ಬರುತ್ತದೆ, ವಿಟಮಿನ್ ಸಿ ಕೂಡ ಹಾಳಾಗುತ್ತದೆ. ಆ ವಿಟಮಿನ್ ಬೇಕು. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ಮೈ ಹೀರಿಕೊಳ್ಳಲು ಅದು ಸಹಾಯ ಮಾಡುತ್ತದೆ.

ಚಪಾತಿಯನ್ನು ಒಂದರ ಮೇಲೊಂದು ತಟ್ಟೆಯಲ್ಲಿ ಪೇರಿಸಿದರೆ ಕೆಳಗಿನದು ಬೆವರುತ್ತದೆ. ಮೊರದ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಬಿಡಿಬಿಡಿಯಾಗಿ ಹರಡಿ. ಮೊರ ಇಲ್ಲವಾದರೆ ಹಿಟ್ಟಿನ ಜರಡಿ ಬೋರಲು ಹಾಕಿ ಅದರ ಮೇಲೆ ಹಾಕಿ. ಕೆಳಗಿನಿಂದಲೂ ಗಾಳಿ ಆಡಬೇಕು, ಅಷ್ಟೇ. ಐದು ನಿಮಿಷದ ಮೇಲೆ ತುಪ್ಪ ಸವರಿ ಮಡಿಸಿ. ಜಾಸ್ತಿ ಹೊತ್ತು ಬಿಟ್ಟರೆ ಒಣಗಿ ಹಪ್ಪಳವಾಗುತ್ತದೆ, ಅದನ್ನೂ ನೋಡಿದ್ದೇನೆ. ಡಬ್ಬಿಯ ತಳಕ್ಕೆ ಒಗೆದ ಹತ್ತಿ ಬಟ್ಟೆಯ ತುಂಡು ಹಾಸಿದರೆ ಉಳಿದ ತೇವವನ್ನು ಅದು ಕುಡಿಯುತ್ತದೆ. ಹಳೇ ಪೇಪರಿನಲ್ಲಿ ಸುತ್ತಬೇಡಿ. ಅಚ್ಚಿನ ಶಾಯಿ ಊಟಕ್ಕೆ ಹತ್ತುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರವೇ ಬೇಡ ಎಂದು ಹೇಳಿದೆ. ಬಿಸಿ ಚಪಾತಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತುವವರಿಗೂ ಅದೇ ಮಾತು: ಹಬೆಗೆ ಹೋಗಲು ದಾರಿಯೇ ಇಲ್ಲ, ಒಳಗೇ ಬೇಯುತ್ತದೆ.

ಇಡ್ಲಿಯನ್ನು ತಟ್ಟೆಯಿಂದ ಬಿಸಿಯಲ್ಲೇ ಕೀಳಬೇಡಿ. ಎರಡು ಮೂರು ನಿಮಿಷ ಬಿಟ್ಟು, ನೀರಿನಲ್ಲಿ ಅದ್ದಿದ ಚಮಚದಿಂದ ಬಿಡಿಸಿ, ಬೋರಲು ಹಾಕಿ. ತಳದ ತೇವ ಆರುತ್ತದೆ.

ಎಲ್ಲ ತುಂಬಿದ ಮೇಲೆ ಒಂದು ಪರೀಕ್ಷೆ ಮಾಡಿ. ಮುಚ್ಚಳ ಹಾಕಿ ಎರಡು ನಿಮಿಷ ಬಿಟ್ಟು ತೆಗೆಯಿರಿ. ಒಳಬದಿಗೆ ಬೆರಳಾಡಿಸಿ. ಹನಿ ಇದ್ದರೆ ಒರೆಸಿ, ಇನ್ನೂ ಐದು ನಿಮಿಷ ತೆರೆದಿಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

‘ಬಿಸಿಯಾಗೇ ತಿನ್ನಲಿ ಅಂತ ಹಾಟ್ ಬಾಕ್ಸ್ ತಂದಿದ್ದೀವಿ ಮಿಸ್’ ಅಂತ ಹೇಳುವವರು ತುಂಬಾ ಜನ. ಅಗ್ಗದ ಹಾಟ್ ಬಾಕ್ಸ್ ಮಧ್ಯಾಹ್ನದವರೆಗೆ ಬಿಸಿ ಹಿಡಿಯುವುದಿಲ್ಲ. ಊಟವನ್ನು ಗಂಟೆಗಟ್ಟಲೆ ಉಗುರುಬೆಚ್ಚಗೆ ಇಡುತ್ತದೆ, ಅಂದರೆ ಬ್ಯಾಕ್ಟೀರಿಯಾಕ್ಕೆ ಬೇಕಾದಷ್ಟೇ ಬೆಚ್ಚಗೆ. ಬಿಸಿಯೇ ಬೇಕೆಂದರೆ ನಿರ್ವಾತ ಗೋಡೆಯ ಸ್ಟೀಲ್ ಫ್ಲಾಸ್ಕ್ ಬೇಕು. ಅದಕ್ಕೆ ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಮುಚ್ಚಿಡಿ. ನೀರು ಚೆಲ್ಲಿ, ಒಲೆಯಿಂದ ಇಳಿಸಿದ ತಕ್ಷಣ ಬಿಸಿಬೇಳೆಬಾತ್ ಬಾಯಿತನಕ ತುಂಬಿ ಮುಚ್ಚಿ. ಅರ್ಧ ತುಂಬಿದರೆ ಬೇಗ ಆರುತ್ತದೆ. ಒಂದೋ ಪೂರ್ತಿ ಬಿಸಿ, ಇಲ್ಲವೇ ಪೂರ್ತಿ ಆರಿದ್ದು. ನಾಲ್ಕೈದು ವರ್ಷದ ಮಗುವಿಗೆ ನಾನಂತೂ ಆರಿದ್ದನ್ನೇ ಹೇಳುತ್ತೇನೆ. ಬಿಸಿ ಫ್ಲಾಸ್ಕ್ ಮಗುಚಿಕೊಂಡು ತೊಡೆ ಸುಟ್ಟುಕೊಂಡ ಮಗುವನ್ನು ಎತ್ತಿಕೊಂಡು ಓಡಿದ್ದೇನೆ.

ಮೊಸರನ್ನ ಮಾತ್ರ ಬೇರೆ ಲೆಕ್ಕ. ಮೊಸರು ಹಾಕಿ ಕಲಸಿ ಕಳಿಸಿದರೆ ಮಧ್ಯಾಹ್ನಕ್ಕೆ ಹುಳಿ. ಬೆಚ್ಚಗಿನ ಅನ್ನವನ್ನು ಚೆನ್ನಾಗಿ ಕಿವುಚಿ. ಕಾಯಿಸಿ ಆರಿಸಿದ ಹಾಲು ಹಾಕಿ, ಒಂದು ಬಟ್ಟಲು ಅನ್ನಕ್ಕೆ ಮುಕ್ಕಾಲು ಬಟ್ಟಲು ಹಾಲು. ಅದಕ್ಕೆ ಒಂದೇ ಒಂದು ಚಮಚ ಮೊಸರು, ಚಿಟಿಕೆ ಉಪ್ಪು. ಬೆಳಿಗ್ಗೆ ಪಾಯಸದ ಹದದಲ್ಲಿರಲಿ, ನೀರಾಯಿತು ಅಂತ ಹೆದರಬೇಡಿ. ಹಾಲು ದಾರಿಯಲ್ಲೇ ಹೆಪ್ಪಾಗುತ್ತದೆ, ಅನ್ನ ಹೀರಿಕೊಳ್ಳುತ್ತದೆ, ಊಟದ ಹೊತ್ತಿಗೆ ಹದವಾದ ಸಿಹಿ ಮೊಸರನ್ನ. ಸೌತೆಕಾಯಿ ತುರಿ ಹಾಕಬೇಡಿ, ನೀರು ಬಿಡುತ್ತದೆ. ದಾಳಿಂಬೆ ಕಾಳು ಹಾಕಿ. ಅದಕ್ಕೋಸ್ಕರವೇ ಡಬ್ಬಿ ಖಾಲಿ ಮಾಡುವ ಮಕ್ಕಳಿದ್ದಾರೆ.

4. ಏನು ಹಾಕಬೇಕು, ಎಷ್ಟು ಹಾಕಬೇಕು

ಎಲ್ಲರೂ ಜಾಸ್ತಿ ಹಾಕುತ್ತಾರೆ. ನಾಲ್ಕು ವರ್ಷದ ಮಗುವಿಗೆ ಎರಡು ಇಡ್ಲಿ, ಅಥವಾ ಎರಡು ಪುಟ್ಟ ಚಪಾತಿ, ಅಥವಾ ಒಂದು ಸಣ್ಣ ಬಟ್ಟಲು ಅನ್ನ ಸಾಕು. ಜೊತೆಗೆ ಬೇಳೆಯದ್ದೋ ಕಾಳಿನದ್ದೋ ಏನಾದರೂ, ಒಂದು ತರಕಾರಿ, ಒಂದು ಹಣ್ಣು. ಪ್ರಮಾಣ ಗೊತ್ತಾಗದಿದ್ದರೆ ಸರ್ಕಾರಿ ಶಾಲೆಯ ಬಿಸಿಯೂಟದ ಅಳತೆ ನೋಡಿ. 1 ರಿಂದ 5ನೇ ತರಗತಿಯ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಅಕ್ಕಿಯ ಅರ್ಧದಷ್ಟು ತರಕಾರಿ ಇದೆ ಅಲ್ವಾ? ನಮ್ಮ ಶಾಲೆಗೆ ಬರುತ್ತಿದ್ದ ಹೆಚ್ಚಿನ ಡಬ್ಬಿಗಳಲ್ಲಿ ಅದರ ಕಾಲು ಭಾಗವೂ ಇರುತ್ತಿರಲಿಲ್ಲ. ಎಲ್‌ಕೆಜಿ ಮಗುವಿಗೆ ಎಲ್ಲವೂ ಅರ್ಧ ಮಾಡಿ, ತರಕಾರಿಯನ್ನು ಮಾತ್ರ ಕಡಿಮೆ ಮಾಡಬೇಡಿ.

ಕೈಯಲ್ಲಿ ಹಿಡಿದು ತಿನ್ನುವ ಪದಾರ್ಥ ಒಳ್ಳೆಯದು. ನುಚ್ಚಿನುಂಡೆ ನನಗೆ ಎಲ್ಲಕ್ಕಿಂತ ಇಷ್ಟ. ಬೇಳೆ ನೆನೆಸಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಆಯಿತು. ಆರಿದರೂ ರುಚಿ ಕೆಡುವುದಿಲ್ಲ. ಅಕ್ಕಿರೊಟ್ಟಿ ಆರಿದರೆ ಗಟ್ಟಿ ಅನ್ನುವವರು ಹಿಟ್ಟಿಗೆ ಒಂದು ಹಿಡಿ ಮೆತ್ತಗಿನ ಅನ್ನ, ಕ್ಯಾರೆಟ್ ತುರಿ ಕಲಸಿ ನೋಡಿ. ರಾಗಿ ದೋಸೆಗೆ ಉದ್ದು ರುಬ್ಬಿ ಸೇರಿಸಿದರೆ ಮಧ್ಯಾಹ್ನವೂ ಮೆತ್ತಗಿರುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಹಾಲಿಗೆ ಬೆರೆಸಿ ಕುಡಿಸುವ ಅಂಗಡಿಯ ದುಬಾರಿ ಪುಡಿಗಳ ಗೊಡವೆಯೇ ಬೇಡ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಅಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು.

ಹಸಿ ಕಾಯಿ ಚಟ್ನಿ ಬೇಡ, ಮಧ್ಯಾಹ್ನಕ್ಕೆ ವಾಸನೆ ಬರುತ್ತದೆ. ಶೇಂಗಾ ಚಟ್ನಿಪುಡಿಗೆ ತುಪ್ಪ ಕಲಸಿ ಇಡ್ಲಿ, ದೋಸೆಗೆ ಸವರಿಬಿಡಿ. ಪಲ್ಯ ಒಣದಾಗಿರಲಿ, ಚಪಾತಿಯೊಳಗೇ ಸುತ್ತಿ ಎರಡು ತುಂಡು ಮಾಡಿ. ಸಾರು, ಸಾಂಬಾರು ಕಳಿಸಬೇಡಿ. ಒಂದು ಡಬ್ಬಿ ಸೋರಿದರೆ ಮೂರು ಮಕ್ಕಳ ಪುಸ್ತಕ ಒದ್ದೆ.

ಹಣ್ಣಿಗೆ ಏಲಕ್ಕಿ ಬಾಳೆಯಂಥದ್ದು ಇನ್ನೊಂದಿಲ್ಲ. ಹೆಚ್ಚಬೇಕಾಗಿಲ್ಲ, ಸಿಪ್ಪೆಯೇ ಡಬ್ಬಿ. ತುದಿಯನ್ನು ಸ್ವಲ್ಪ ಬಿಡಿಸಿ ಕಳಿಸಿ. ಸೇಬು ಹೆಚ್ಚಿದರೆ ಚಿಟಿಕೆ ಉಪ್ಪು ಹಾಕಿದ ನೀರಿನಲ್ಲಿ ಎರಡು ನಿಮಿಷ ಮುಳುಗಿಸಿ ತೊಳೆದು ಒರೆಸಿ, ಕಪ್ಪಾಗುವುದಿಲ್ಲ. ದ್ರಾಕ್ಷಿಯನ್ನು ಇಡಿಯಾಗಿ ಕಳಿಸಲೇಬೇಡಿ, ಉದ್ದಕ್ಕೆ ಸೀಳಿ. ಇಡೀ ಕಡಲೆಕಾಯಿ ಬೀಜವೂ ಐದು ವರ್ಷದೊಳಗಿನ ಮಕ್ಕಳಿಗೆ ಬೇಡ. ನಗುತ್ತಾ, ಮಾತಾಡುತ್ತಾ ತಿನ್ನುವ ಮಕ್ಕಳು, ಗಂಟಲಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ಚಿಪ್ಸ್, ಕ್ರೀಮ್ ಬಿಸ್ಕತ್ತು, ಪ್ಯಾಕೆಟ್ ಜ್ಯೂಸ್ ಬಗ್ಗೆ ಒಂದೇ ಮಾತು. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯೊಳಗೆ, ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂದು 2020ರಲ್ಲಿ ನಿಯಮ ಬಂದಿದೆ. ಗೇಟಿನ ಹೊರಗೆ ಮಾರಬಾರದ್ದನ್ನು ನಾವೇ ಡಬ್ಬಿಯಲ್ಲಿ ಇಟ್ಟು ಒಳಗೆ ಕಳಿಸಬೇಕಾ? ಪ್ಯಾಕೆಟ್ ಹಿಂದೆ ಬರೆದ ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಚಾಕೊಲೇಟ್ ಸ್ಪ್ರೆಡ್ ಬಾಟಲಿ ತಿರುಗಿಸಿ ಮೊದಲ ಹೆಸರು ಓದಿ ನೋಡಿ.

ಹೊಸ ತಿಂಡಿಯನ್ನು ಮೊದಲು ಮನೆಯಲ್ಲಿ ಎರಡು ಸಲ ತಿನ್ನಿಸಿ, ಆಮೇಲೆ ಡಬ್ಬಿಗೆ ಹಾಕಿ.

5. ವಾಪಸ್ ಬಂದ ಡಬ್ಬಿ

ಮಗು ಮನೆಗೆ ಬಂದ ತಕ್ಷಣ ಡಬ್ಬಿ ತೆಗೆದು ನೋಡಿ. ಉಳಿದಿದ್ದರೆ ಬೈಯಬೇಡಿ. ‘ಯಾಕೆ ತಿಂದಿಲ್ಲ?’ ಅಂತ ಕೇಳಿದರೆ ಮಗು ತಲೆ ತಗ್ಗಿಸುತ್ತದೆ. ‘ಒದ್ದೆ ಆಗಿತ್ತಾ ಪುಟ್ಟಾ? ಗಟ್ಟಿ ಇತ್ತಾ? ಮುಚ್ಚಳ ಯಾರು ತೆಗೆದುಕೊಟ್ಟರು? ಬೆಲ್ ಹೊಡೆದುಬಿಡ್ತಾ?’ ಅಂತ ಕೇಳಿ. ನಿಜ ಹೇಳುತ್ತದೆ. ಊಟ ಹಿಡಿಸದೆ ಬಿಟ್ಟ ಮಕ್ಕಳಿಗಿಂತ ಹೊತ್ತು ಸಾಲದೆ ಬಿಟ್ಟ ಮಕ್ಕಳನ್ನೇ ನಾನು ಜಾಸ್ತಿ ಕಂಡಿದ್ದೇನೆ.

ಮುಚ್ಚಳದ ರಬ್ಬರ್ ರಿಂಗ್ ಕಿತ್ತು ನೋಡಿದ್ದೀರಾ? ಅದರ ಸಂದಿಯಲ್ಲಿ ಕಪ್ಪು ಬೂಷ್ಟು ಕೂತಿರುತ್ತದೆ. ಎಷ್ಟು ಒಳ್ಳೆಯ ಊಟ ಹಾಕಿದರೂ ಮುಗ್ಗಲು ವಾಸನೆ ಬರುವುದು ಅಲ್ಲಿಂದ. ದಿನಾ ಕಿತ್ತು ತೊಳೆಯಿರಿ. ವಾರಕ್ಕೊಮ್ಮೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಹಳೇ ಬ್ರಶ್‌ನಿಂದ ಉಜ್ಜಿ. ಡಬ್ಬಿ, ಮುಚ್ಚಳ, ರಿಂಗ್ ಮೂರನ್ನೂ ಬೇರೆ ಬೇರೆಯಾಗಿ ಬೋರಲು ಹಾಕಿ ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ತುಂಬುವ ಮುಂಚೆ ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ.