ಹಾರ್ಟ್ ಆಪರೇಷನ್ ಆದವರ ಶುಗರ್: ಐಸಿಯುನಲ್ಲಿ ನಾನು ನೋಡುವ ರೀತಿ

ಬೈಪಾಸ್ ಆಗಿ ಐಸಿಯುಗೆ ಬಂದವರ ಶುಗರ್ 240 ಇದೆ ಅಂದರೆ ಮನೆಯವರು ಗಾಬರಿಯಾಗುತ್ತಾರೆ. "ಇವರಿಗೆ ಶುಗರೇ ಇರಲಿಲ್ಲವಲ್ಲ ಸಿಸ್ಟರ್?" ಅನ್ನುತ್ತಾರೆ. ಎಷ್ಟೋ ಸಲ ಅವರು ಹೇಳುವುದು ನಿಜವೇ. ಎದೆ ಮೂಳೆ ಸೀಳಿ, ಎಷ್ಟೋ ಸಲ ಹಾರ್ಟ್ ಲಂಗ್ ಮಷೀನ್ ಮೇಲೆ ಇಟ್ಟು ಮಾಡುವ ಆಪರೇಷನ್ ಅದು. ಆ ಪೆಟ್ಟಿಗೆ ಮೈಯಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಏರುತ್ತವೆ, ಲಿವರ್ ಸಕ್ಕರೆ ಬಿಡುತ್ತಲೇ ಇರುತ್ತದೆ, ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಿಪಿಗೆ ಅಂತ ಅಡ್ರಿನಲಿನ್ ಡ್ರಿಪ್ ಓಡುತ್ತಿದ್ದರಂತೂ ಇನ್ನೂ ಜಾಸ್ತಿ. ಮುಂಚೆಯೇ ಶುಗರ್ ಇತ್ತಾ ಅಂತ ತಿಳಿಯಬೇಕಾದರೆ ನಾನು ಆಪರೇಷನ್‌ಗೆ ಮೊದಲಿನ ಎಚ್‌ಬಿಎ1ಸಿ ರಿಪೋರ್ಟ್ ನೋಡುತ್ತೇನೆ, ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುತ್ತದೆ. ರಕ್ತ ಕೊಟ್ಟ ಮೇಲೆ ಮಾಡಿಸಿದ ಎಚ್‌ಬಿಎ1ಸಿಯನ್ನು ನಂಬುವ ಹಾಗಿಲ್ಲ.

ನಾನು ಈ ಐಸಿಯುನಲ್ಲಿ ನರ್ಸ್. ಇಲ್ಲಿ ಕಲಿತ ಒಂದು ಮಾತನ್ನು ಹೊಸಬರಿಗೆ ಹೇಳುತ್ತಲೇ ಇರುತ್ತೇನೆ: ಶುಗರ್ ಎಷ್ಟು ಅಂತ ಮಾತ್ರ ನೋಡಬೇಡಿ, ಆ ರಕ್ತ ಎಲ್ಲಿಂದ ತೆಗೆದದ್ದು, ಶುಗರ್ ಯಾವ ಕಡೆ ಹೋಗುತ್ತಿದೆ ಅಂತಲೂ ನೋಡಿ.

ಮೊದಲ ದಿನ ರೋಗಿಯ ಬೆರಳು ತಣ್ಣಗಿರುತ್ತದೆ, ಊದಿರುತ್ತದೆ. ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಡ್ರಿಪ್ ಓಡುತ್ತಿದ್ದರೆ ಬೆರಳ ತುದಿಗೆ ರಕ್ತವೇ ಸರಿಯಾಗಿ ಬರುವುದಿಲ್ಲ. ಅಂಥ ಬೆರಳು ಚುಚ್ಚಿ ಹಿಂಡಿದರೆ ಗ್ಲುಕೋಮೀಟರ್ ಏನೋ ಒಂದು ತೋರಿಸುತ್ತದೆ. ಹಿಮೋಗ್ಲೋಬಿನ್ 8ಕ್ಕೆ ಇಳಿದಿದ್ದರೆ ಎಷ್ಟೋ ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ಹಾಗಾಗಿ ಆರ್ಟ್ ಲೈನ್ (ಅಪಧಮನಿಗೆ ಹಾಕಿದ ನಳಿಕೆ) ಇರುವವರೆಗೆ ನಾನು ಅಲ್ಲಿಂದಲೇ ರಕ್ತ ತೆಗೆದು ರಕ್ತದ ಗ್ಯಾಸ್ ನೋಡುವ ಎಬಿಜಿ ಮಷೀನ್‌ನಲ್ಲಿ ನೋಡುತ್ತೇನೆ. ಮೊದಲು ಬರುವ ರಕ್ತದಲ್ಲಿ ಲೈನ್ ಕಟ್ಟಿಕೊಳ್ಳದಂತೆ ಹರಿಸುವ ಫ್ಲಶ್ ಬೆರೆತಿರುತ್ತದೆ, ಅದು ಬೇಡ. ಡ್ಯೂಟಿಗೆ ಬಂದ ಕೂಡಲೇ ಪ್ರೆಷರ್ ಬ್ಯಾಗ್ ಒಳಗಿನ ಆ ಫ್ಲಶ್ ಬಾಟಲಿಯನ್ನು ತಿರುಗಿಸಿ ಲೇಬಲ್ ಓದುತ್ತೇನೆ. ಅದು ಸಲೈನೇ ಆಗಿರಬೇಕು. ಅಲ್ಲಿ ಡೆಕ್ಸ್‌ಟ್ರೋಸ್, ಅಂದರೆ ಗ್ಲುಕೋಸ್ ನೀರು, ನೇತಾಡುತ್ತಿದ್ದರೆ ಸ್ಯಾಂಪಲ್‌ನಲ್ಲಿ ಶುಗರ್ ಏರಿದಂತೆ ಕಾಣುತ್ತದೆ, ನಾವು ಇನ್ಸುಲಿನ್ ಏರಿಸುತ್ತೇವೆ, ಮತ್ತೆ ಏರಿದಂತೆ ಕಾಣುತ್ತದೆ, ಮತ್ತೆ ಏರಿಸುತ್ತೇವೆ. ಅಷ್ಟರಲ್ಲಿ ನಿಜವಾದ ಶುಗರ್ ಪಾತಾಳಕ್ಕೆ ಇಳಿದಿರುತ್ತದೆ. ಹೀಗಾಗಿ ಜೀವ ಹೋದ ಉದಾಹರಣೆಗಳಿವೆ. ಲೇಬಲ್ ಓದುವುದಕ್ಕೆ ಹತ್ತು ಸೆಕೆಂಡ್ ಸಾಕು.

ರಕ್ತನಾಳಕ್ಕೆ ನಿಧಾನವಾಗಿ ಇನ್ಸುಲಿನ್ ಬಿಡುವ ಪಂಪ್‌ಗೆ ಸಿರಿಂಜ್ ತುಂಬುವಾಗಲೂ ಇದೇ ಹುಷಾರು ಬೇಕು. 50 ಯೂನಿಟ್ ರೆಗ್ಯುಲರ್ ಇನ್ಸುಲಿನ್, ಸಲೈನ್ ಸೇರಿ ಒಟ್ಟು 50 ಎಂಎಲ್, ಅಂದರೆ ಎಂಎಲ್‌ಗೆ 1 ಯೂನಿಟ್. ನಮ್ಮಲ್ಲಿ ಸಿಗುವ ವಯಲ್ ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್‌ನದು, ಅದರಿಂದ 50 ಯೂನಿಟ್ ಅಂದರೆ 1.25 ಎಂಎಲ್. 100 ಯೂನಿಟ್‌ನ ವಯಲ್ ಕೈಗೆ ಬಂದರೆ ಅರ್ಧ ಎಂಎಲ್ ಸಾಕು. ಕೆಂಪು ಕ್ಯಾಪ್ ಸಿರಿಂಜ್ 40ಕ್ಕೆ, ಕಿತ್ತಳೆ ಕ್ಯಾಪ್ 100ಕ್ಕೆ. ಇದನ್ನು ಇನ್ನೊಬ್ಬ ಸಿಸ್ಟರ್ ಕರೆದು, ಇಬ್ಬರೂ ಬಾಯಿ ಬಿಟ್ಟು ಓದಿದ ಮೇಲೇ ತುಂಬುವುದು. ಇನ್ಸುಲಿನ್ ಪ್ಲಾಸ್ಟಿಕ್ ಟ್ಯೂಬಿಗೆ ಅಂಟಿಕೊಳ್ಳುತ್ತದೆ, ಅದಕ್ಕೆ ರೋಗಿಗೆ ಜೋಡಿಸುವ ಮೊದಲು 20 ಎಂಎಲ್‌ನಷ್ಟು ಟ್ಯೂಬಿನಲ್ಲಿ ಹರಿಸಿ ಚೆಲ್ಲುತ್ತೇನೆ. ಸುಮ್ನೆ ವೇಸ್ಟ್ ಅನ್ನಿಸಬಹುದು, ಆದರೆ ಚೆಲ್ಲದಿದ್ದರೆ ಮೊದಲ ಗಂಟೆಗಳಲ್ಲಿ ರೋಗಿಗೆ ಹೋಗುವುದು ಬರೀ ಸಲೈನ್‌ನಂಥದ್ದು.

ಗುರಿ 140ರಿಂದ 180. ಪೂರ್ತಿ ನಾರ್ಮಲ್‌ಗೆ ಯಾಕೆ ತರಬಾರದು ಅಂತ ಹೊಸ ಡಾಕ್ಟರುಗಳೂ ಕೇಳುತ್ತಾರೆ. ಒಂದು ಕಾಲದಲ್ಲಿ ತರುತ್ತಿದ್ದರು. 2001ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ, ಹೆಚ್ಚಿನವರು ಹಾರ್ಟ್ ಆಪರೇಷನ್ ಆದವರೇ ಇದ್ದ ಐಸಿಯುನಲ್ಲಿ, 80ರಿಂದ 110ರೊಳಗೆ ಇಟ್ಟಾಗ ಸಾವು 8ರಿಂದ 4.6 ಶೇಕಡಕ್ಕೆ ಇಳಿದಿತ್ತು. ಎಲ್ಲರೂ ಅದನ್ನೇ ಹಿಡಿದರು. 2009ರಲ್ಲಿ ನೈಸ್ ಶುಗರ್ ಅನ್ನುವ ದೊಡ್ಡ ಅಧ್ಯಯನ ಬಂತು. ಎಲ್ಲ ಬಗೆಯ ಐಸಿಯು ರೋಗಿಗಳಿದ್ದ ಅದರಲ್ಲಿ ಬಿಗಿಯಾಗಿ ಇಳಿಸಿದವರಲ್ಲೇ ಸಾವು ಜಾಸ್ತಿ, ತೀರಾ ಲೋ ಆದವರೂ ಶೇಕಡ 6.8, ಅಷ್ಟು ಬಿಗಿ ಮಾಡದ ಇನ್ನೊಂದು ಗುಂಪಿನಲ್ಲಿ ಬರೀ 0.5. ಅಂದಮೇಲೆ ಎರಡೂ ಕಡೆ ಹುಷಾರು ಬೇಕು: 200 ದಾಟಲು ಬಿಡಬಾರದು, ಎದೆಯ ಗಾಯ ಕೀವಾಗುವ ಭಯ ಇದೆ. ಹಾಗಂತ ಒತ್ತಿ ಇಳಿಸಲೂಬಾರದು.

ಅದಕ್ಕೇ ಗಂಟೆಗೊಮ್ಮೆ ನೋಡುವುದು. 175ರಿಂದ 170ಕ್ಕೆ ಬಂದಿದ್ದರೆ ಪಂಪ್ ಮುಟ್ಟುವುದಿಲ್ಲ. 230ರಿಂದ ಒಂದೇ ಗಂಟೆಯಲ್ಲಿ 170ಕ್ಕೆ ಬಂದಿದ್ದರೆ? ಚಾರ್ಟ್‌ನಲ್ಲಿ ಎರಡೂ 170, ಆದರೆ ಎರಡನೆಯದು ಜಾರುತ್ತಿದೆ. ಪ್ರೋಟೋಕಾಲ್ ಪ್ರಕಾರ ಇನ್ಸುಲಿನ್ ಕಮ್ಮಿ ಮಾಡಿ, ಡಾಕ್ಟರಿಗೆ ಹೇಳಿ, ಅರ್ಧ ಗಂಟೆಗೇ ಮತ್ತೆ ನೋಡುತ್ತೇನೆ. ಅದೇ ಎಬಿಜಿ ಚೀಟಿಯಲ್ಲಿ ಪೊಟ್ಯಾಸಿಯಂ ಕೂಡ ಇರುತ್ತದೆ. ಇನ್ಸುಲಿನ್ ಅದನ್ನೂ ಜೀವಕೋಶಗಳ ಒಳಗೆ ಎಳೆದುಕೊಳ್ಳುತ್ತದೆ, ಅದು ಇಳಿದರೆ ಹೊಸದಾಗಿ ರಿಪೇರಿ ಆದ ಹಾರ್ಟ್‌ನ ಬಡಿತ ತಪ್ಪಬಹುದು. ಎರಡನ್ನೂ ಒಟ್ಟಿಗೇ ಓದಬೇಕು.

ನನಗೆ ಹೈಗಿಂತ ಲೋ ಶುಗರ್ ಭಯವೇ ಜಾಸ್ತಿ. ವೆಂಟಿಲೇಟರ್ ಮೇಲೆ ಮಲಗಿದವರು ತಲೆ ಸುತ್ತುತ್ತಿದೆ ಅಂತ ಹೇಳಲಾರರು, ಅಲ್ವಾ? ಎಚ್ಚರವಾದ ಮೇಲೂ ಹಾರ್ಟ್ ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್‌ನಂಥ ಮಾತ್ರೆ ನಡುಕ, ಎದೆ ಬಡಿತವನ್ನು ಮುಚ್ಚಿಬಿಡುತ್ತದೆ. ಬೆವರು ಮಾತ್ರ ಮುಚ್ಚುವುದಿಲ್ಲ. ಅದಕ್ಕೇ ರೌಂಡ್‌ನಲ್ಲಿ ಹಣೆ, ಕತ್ತಿನ ಹಿಂದೆ ಕೈ ಇಟ್ಟು ನೋಡುವ ಅಭ್ಯಾಸ ನನಗೆ. ಒದ್ದೆಯಾಗಿದ್ದರೆ ಆಗಲೇ ಶುಗರ್ ನೋಡುತ್ತೇನೆ. 70ಕ್ಕಿಂತ ಕೆಳಗಿದ್ದರೆ ಇನ್ಸುಲಿನ್ ಬಂದ್, ಪ್ರೋಟೋಕಾಲ್‌ನಂತೆ 25 ಪರ್ಸೆಂಟ್ ಡೆಕ್ಸ್‌ಟ್ರೋಸ್, 15 ನಿಮಿಷಕ್ಕೆ ಮತ್ತೆ ಟೆಸ್ಟ್.

ಉಸಿರಿನ ಟ್ಯೂಬ್ ತೆಗೆದು ಗಂಜಿ ಶುರುವಾದ ಮೇಲೆ ಪಂಪ್‌ನಿಂದ ಚರ್ಮದ ಇಂಜೆಕ್ಷನ್‌ಗೆ ಬರುತ್ತೇವೆ. ದೀರ್ಘ ಕಾಲ ಕೆಲಸ ಮಾಡುವ ಇನ್ಸುಲಿನ್ ಕೊಟ್ಟು ಎರಡು ಗಂಟೆ ಆದ ಮೇಲೇ ಪಂಪ್ ನಿಲ್ಲಿಸಬೇಕು, ಇಲ್ಲದಿದ್ದರೆ ಸಂಜೆಗೆ ಶುಗರ್ ಮತ್ತೆ ಹಾರುತ್ತದೆ. ವಾರ್ಡಿನಲ್ಲಿ ಎಳನೀರು, ಬಾಳೆಹಣ್ಣು, ನಿಶ್ಶಕ್ತಿ ಅಂತ ಗ್ಲುಕೋಸ್ ಪುಡಿ, ಎಲ್ಲವೂ ದಿಂಬಿನ ಪಕ್ಕ ಬರುತ್ತವೆ. ನಾನು ಬೈಯುವುದಿಲ್ಲ. ಬೈದರೆ ಮುಚ್ಚಿಡುತ್ತಾರೆ. "ಏನು ತಿಂದರೂ ನನಗೊಂದು ಮಾತು ಹೇಳಿ" ಅನ್ನುತ್ತೇನೆ, ಆಗ ಹೇಳುತ್ತಾರೆ. ಬೆರಳು ಚುಚ್ಚುವ ಮೊದಲು ಸೋಪಿನಲ್ಲಿ ತೊಳೆದು ಒರೆಸಲು ಕಲಿಸುತ್ತೇನೆ. ಹಣ್ಣು ಸುಲಿದ ಕೈಯಲ್ಲಿ ಮೀಟರ್ ಸುಳ್ಳು ಹೇಳುತ್ತದೆ.

ಮನೆಗೆ ಹೋದ ಮೇಲೆ ಎರಡು ವಿಷಯ ನೆನಪಿಡಿ ಅನ್ನುತ್ತೇನೆ. ಆಪರೇಷನ್ನಿನ ಪೆಟ್ಟು ತಣ್ಣಗಾದಂತೆ ಇನ್ಸುಲಿನ್ ಕಮ್ಮಿ ಸಾಕಾಗುತ್ತದೆ, ಆಸ್ಪತ್ರೆಯ ಡೋಸನ್ನೇ ತಿಂಗಳುಗಟ್ಟಲೆ ಹಾಕುತ್ತಾ ಹೋದರೆ ಲೋ ಆಗಬಹುದು, ಬರೆದಿಟ್ಟ ರೀಡಿಂಗ್ ಡಾಕ್ಟರಿಗೆ ತೋರಿಸಿ. ಇನ್ನು, ಊಟ ಬದಲಾಗದೆ ಶುಗರ್ ಇದ್ದಕ್ಕಿದ್ದಂತೆ ಏರಿದರೆ ಊಟವನ್ನೇ ದೂರಬೇಡಿ. ಅಂಗಿ ಬಿಚ್ಚಿ ಎದೆಯ ಹೊಲಿಗೆ ನೋಡಿ, ಬೈಪಾಸ್‌ಗೆ ಅಂತ ಕಾಲಿನ ರಕ್ತನಾಳ ತೆಗೆದ ಜಾಗ ನೋಡಿ. ಕೆಂಪಾಗಿದ್ದರೆ, ನೀರು ಬರುತ್ತಿದ್ದರೆ, ಜ್ವರ ಇದ್ದರೆ ಅವತ್ತೇ ಬನ್ನಿ.